ತಾಯಿಯ ಕಡೆಯ ಹೆಸರು

ಸ್ಪೇನಿನ ಅಲ್ಬಾರ್ಕೋಸ್ ಊರಿನ ಶಾಲೆಯ ಕಚೇರಿಯಲ್ಲಿ ಆ ಬೆಳಿಗ್ಗೆ ಎಂಟು ಜನ ಸಾಲಾಗಿ ನಿಂತಿದ್ದರು. ಆ ಎಂಟೂ ಜನ ಸುಮಾರು ಎರಡು ನಿಮಿಷ, ಗ್ಲೆಂಡಾ ಸಗ್ಡೆನ್ ಎಂಬ ಈ ಕೆಂಪು ಮೂಗಿನ ಇಂಗ್ಲಿಷ್ ಹೆಂಗಸು ಒಡಹುಟ್ಟಿದ ಅಣ್ಣನನ್ನೇ ಮದುವೆಯಾಗಿದ್ದಾಳೆ ಎಂದು ನಂಬಿಬಿಟ್ಟಿದ್ದರು.

ಅವಳದೇನೂ ತಪ್ಪಿರಲಿಲ್ಲ. ಯಾರ್ಕ್‌ಶೈರಿನಿಂದ ಬಂದು ಬರೀ ಹನ್ನೊಂದು ದಿನವಾಗಿತ್ತು, ಒಂಬತ್ತು ವರ್ಷದ ಮಗಳು ಬ್ರಯೊನಿಯನ್ನು ಶಾಲೆಗೆ ಸೇರಿಸಬೇಕಿತ್ತು, ಗಂಡ ನೆವಿಲ್ ಪಕ್ಕದಲ್ಲೇ ನಿಂತು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದ. ಗುಮಾಸ್ತೆ ಎನ್ಕಾರ್ನಾ ಫಾರಂ ತೆಗೆದು ಅಪ್ಪನ ಮನೆತನದ ಹೆಸರು ಕೇಳಿದಳು. ಸಗ್ಡೆನ್ ಎಂದರು, ಬರೆದುಕೊಂಡಳು. ಅಮ್ಮನದು ಕೇಳಿದಳು. ಅದೂ ಸಗ್ಡೆನ್ ಎಂದಳು ಗ್ಲೆಂಡಾ. ಎನ್ಕಾರ್ನಾಳ ಪೆನ್ನು ಅಲ್ಲೇ ನಿಂತಿತು. ಅವಳು ಕನ್ನಡಕ ಕೆಳಗಿಳಿಸಿ ಗಂಡನನ್ನು ನೋಡಿದಳು, ಹೆಂಡತಿಯನ್ನು ನೋಡಿದಳು, ಇಬ್ಬರ ಮೂಗು ಕಿವಿಗಳಲ್ಲಿ ಹೋಲಿಕೆ ಹುಡುಕಿದಳು, ಹಿಂದಿನ ಸಾಲಿನಲ್ಲಿ ಯಾರೋ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಬಿಡಿಸಿ ಹೇಳಲು ಮುಂದೆ ಬಂದವಳು ರೆಮೆದಿಯೋಸ್. ಊರಿಗೆಲ್ಲ ರೆಮೆ. ಎಪ್ಪತ್ತರ ವಿಧವೆ, ಮೊಮ್ಮಗಳ ಊಟದ ಚೀಟಿಗೆಂದು ಬಂದು ನಿಂತಿದ್ದಳು, ಪ್ರಾಯದಲ್ಲಿ ಆರು ವರ್ಷ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತ ಇಂಗ್ಲಿಷ್ ಕಲಿತವಳು.

"ನೋಡು ಮಗಳೇ, ಅವಳು ನಿನ್ನ ಗಂಡನ ಹೆಸರು ಕೇಳ್ತಿಲ್ಲ. ನಿಂದು ಕೇಳ್ತಿದ್ದಾಳೆ. ನಿಮ್ಮಪ್ಪ ಕೊಟ್ಟಿದ್ದು. ಇಲ್ಲಿ ಮದುವೆ ಆದ್ರೂ ಹೆಂಗಸರ ಹೆಸರು ಬದಲಾಗಲ್ಲ, ಮಕ್ಕಳಿಗೆ ಅಪ್ಪಂದೂ ಅಮ್ಮಂದೂ ಎರಡೂ ಬರುತ್ತೆ."

"ಅದು ಮದುವೆ ಆದಾಗ ಹೋಯ್ತಲ್ಲ."

"ಹೋಯ್ತಾ? ಎಲ್ಲಿಗೆ ಹೋಯ್ತು?"

ಗ್ಲೆಂಡಾ ಏಳು ವರ್ಷದಿಂದ ಯಾರೂ ಕೇಳದೇ ಇದ್ದ ಆ ಹೆಸರನ್ನು ನಾಲಿಗೆಯ ಮೇಲೆ ತಂದುಕೊಂಡು, ಮಿಕಲ್‌ಥ್ವೇಟ್, ಎಂದಳು. ಎನ್ಕಾರ್ನಾ ಮೂರು ಸಲ ಪ್ರಯತ್ನಪಟ್ಟು, ಇದು ಹೆಸರೋ ಕೆಮ್ಮಿನ ಔಷಧಿಯೋ ಎಂದು ಸಾಲಿನವರನ್ನು ಕೇಳಿ, ಕಡೆಗೆ ಫಾರಮ್ಮನ್ನೇ ಇವಳ ಕಡೆ ತಿರುಗಿಸಿ ನೀನೇ ಬರಿ ಮಾರಾಯ್ತಿ ಎಂದಳು. ಎಲ್ಲರೂ ನಕ್ಕರು. ನೆವಿಲ್ ಮಾತ್ರ ನಗಲಿಲ್ಲ. ಸೆಕೆ ತಡೆಯಲಾಗದೆ ಹಾಗಿದ್ದಾನೆ ಎಂದುಕೊಂಡಳು ಗ್ಲೆಂಡಾ.

ಬ್ರಯೊನಿ ಸಗ್ಡೆನ್ ಮಿಕಲ್‌ಥ್ವೇಟ್. ಬರೆದು ಮುಗಿಸಿ ಅದನ್ನೇ ನೋಡುತ್ತ ನಿಂತಳು. ಅಪ್ಪ ಹೆರಾಲ್ಡ್ ಮಿಕಲ್‌ಥ್ವೇಟ್ ಊರಿನ ಬಸ್ ಡ್ರೈವರ್, ಇವಳೊಬ್ಬಳೇ ಮಗಳು. ಮದುವೆಯ ರಿಜಿಸ್ಟರಿನಲ್ಲಿ ಅವಳು ಸಹಿ ಹಾಕುತ್ತಿರುವಾಗ, ಸರಿ, ಇಲ್ಲಿಗೆ ನಮ್ಮ ಅಂಗಡಿ ಬಾಗಿಲು ಹಾಕಿತು ಎಂದು ತಮಾಷೆ ಮಾಡಿದ್ದ. ಮುಚ್ಚಿದ ಅಂಗಡಿ ಹೀಗೆ ಬಿಸಿಲು ಬೀಳುವ ಪರದೇಶದ ಗುಡ್ಡದ ಮೇಲೆ ಮತ್ತೆ ಬಾಗಿಲು ತೆರೆದಿತ್ತು, ಅದೂ ತಾನು ಹೆರದ ಮಗಳ ಹೆಸರಿನ ತುದಿಯಲ್ಲಿ. ಶಾಲೆಯಿಂದ ಮನೆಗೆ ಹೋಗುವ ಏರು ದಾರಿಯಲ್ಲಿ ಅವಳಿಗೆ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ.

ಹೆರದ ಮಗಳು, ಹೌದು. ಗ್ಲೆಂಡಾ ಶಾಲೆಯೊಂದರ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಬಟಾಣಿ, ಆಲೂಗಡ್ಡೆ ಬಡಿಸಿದವಳು. ಮೂವತ್ತೊಂದನೇ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ ಅವಳ ಮನೆಯ ಬಾಯ್ಲರ್ ಕೆಟ್ಟಿತು. ರಿಪೇರಿಗೆ ಬಂದ ನೆವಿಲ್ ಒಂದು ಕೈಯಲ್ಲಿ ಉಪಕರಣಗಳ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಒಂದೂವರೆ ವರ್ಷದ ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ನೋಡಿಕೊಳ್ಳುವವರು ಯಾರೂ ಸಿಗಲಿಲ್ಲ ಎಂದು ತಲೆ ತಗ್ಗಿಸಿದ. ಮಗುವಿನ ತಾಯಿ ಲೊರೇನ್ ಫ್ರಾಸ್ಟ್ ಎಂಬಾಕೆ ಮಗುವಿಗೆ ಎಂಟು ತಿಂಗಳಾದಾಗ ಮನೆ ಬಿಟ್ಟು ಹೋಗಿದ್ದಳು. ಬಾಯ್ಲರ್ ಸರಿಹೋಗಲು ಮೂರು ಗಂಟೆ ಹಿಡಿಯಿತು, ಆ ಮೂರು ಗಂಟೆಯೂ ಮಗು ಗ್ಲೆಂಡಾಳ ತೊಡೆಯ ಮೇಲೆ ಬಿಸ್ಕತ್ತು ಚೀಪುತ್ತ ಕೂತಿತ್ತು. ತಾನು ಮೊದಲು ಮನಸ್ಸು ಕೊಟ್ಟದ್ದು ಮಗುವಿಗೆ, ಗಂಡ ಅದರ ಜೊತೆಯಲ್ಲಿ ಬಂದ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು.

ಬ್ರಯೊನಿಗೆ ನಾಲ್ಕಾದಾಗ ದತ್ತು ತೆಗೆದುಕೊಳ್ಳುವ ಫಾರಂ ತಂದು ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಸಹಿ ಹಾಕಿದರು. ಅದೇ ವಾರ ಹೆರಾಲ್ಡ್‌ಗೆ ಲಕ್ವ ಹೊಡೆಯಿತು. ಗ್ಲೆಂಡಾ ಎರಡು ತಿಂಗಳು ಆಸ್ಪತ್ರೆಯ ಕುರ್ಚಿಯಲ್ಲೇ ಕಳೆದಳು, ಕಾಗದಪತ್ರವೆಲ್ಲ ನೆವಿಲ್ ನೋಡಿಕೊಂಡ. ಮೇ ಹದಿನಾಲ್ಕರ ಸಂಜೆ ಅವನು ಜಾಮ್ ಸವರಿದ ದೊಡ್ಡ ಕೇಕ್ ಹಿಡಿದು ಬಂದ, ಕೋರ್ಟಿನ ಆದೇಶ ಬಂತು, ಇವತ್ತಿನಿಂದ ನೀನೇ ಅವಳ ಅಮ್ಮ, ಕಾನೂನಿನಲ್ಲೂ, ಎಂದ. ಗ್ಲೆಂಡಾ ಕೇಕಿನ ಒಂದು ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಮಾತು ಹೋಗಿದ್ದ ಅಪ್ಪನ ಕಿವಿಗೆ ಬಾಯಿ ಹತ್ತಿರ ತಂದು, ಬ್ರಯೊನಿ ಈಗ ನಿಜವಾಗಿಯೂ ನಿನ್ನ ಮೊಮ್ಮಗಳು ಅಪ್ಪಾ ಎಂದಳು. ಅಪ್ಪ ಅವಳ ಬೆರಳು ಹಿಸುಕಿದ. ನಾಲ್ಕು ದಿನಕ್ಕೆ ಹೋಗಿಬಿಟ್ಟ. ಅಂದಿನಿಂದ ಪ್ರತಿ ವರ್ಷ ಮೇ ಹದಿನಾಲ್ಕಕ್ಕೆ ಮನೆಯಲ್ಲಿ ಕೇಕ್ ಕೊಯ್ಯುವುದು ಹುಟ್ಟುಹಬ್ಬಕ್ಕಿಂತ ಜೋರಾಗಿ ನಡೆಯುತ್ತಿತ್ತು.

ಸ್ಪೇನಿಗೆ ಬರುವ ಆಲೋಚನೆ ನೆವಿಲ್‌ನದು. ಮನೆ ಮಾರಿ, ಸಾಮಾನು ಲಾರಿಗೆ ಹಾಕಿ, ಅಲ್ಮೇರಿಯಾದ ಒಣ ಗುಡ್ಡಗಳ ನಡುವೆ ಸುಣ್ಣ ಬಳಿದ ಮನೆಯೊಂದನ್ನು ಕೊಂಡರು. ನೆವಿಲ್ ಗುಡ್ಡದ ಕೆಳಗಿನ ಇಂಗ್ಲಿಷರ ಈಜುಕೊಳಗಳ ಪಂಪು ರಿಪೇರಿ ಮಾಡಿಕೊಂಡು, ಅವರದೇ ಬಾರಿನಲ್ಲಿ ಕೂತುಕೊಂಡು ಸುಖವಾಗಿದ್ದ. ಅವನಿಗೆ ಬರುತ್ತಿದ್ದ ಸ್ಪ್ಯಾನಿಷ್ ಪದ ನಾಲ್ಕು, ಅದರಲ್ಲಿ ಎರಡು ಬಿಯರಿಗೆ ಸಂಬಂಧಪಟ್ಟವು. ಗ್ಲೆಂಡಾ ಮಾತ್ರ ಊರಿನೊಳಗೆ ಇಳಿದುಬಿಟ್ಟಳು. ಬೆಳಿಗ್ಗೆ ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆದರೆ ಚಪ್ಪಲಿಯಲ್ಲೇ ಓಡುವುದು, ಗ್ಯಾಸ್ ಸಿಲಿಂಡರಿನ ಲಾರಿ ಬಂದರೆ ಖಾಲಿ ಸಿಲಿಂಡರನ್ನು ಒದ್ದು ಒದ್ದು ಬೀದಿಗೆ ಉರುಳಿಸುವುದು, ಮೂರು ಗಂಟೆಗೆ ಊಟ, ಊಟವಾದ ಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿ ಸತ್ತವರಂತೆ ಬಿದ್ದುಕೊಳ್ಳುವುದು. ಮೊದಲ ತಿಂಗಳು ಅವಳು ಆ ಹೊತ್ತಿನಲ್ಲಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದುದನ್ನು ಕಂಡು, ಪಾಪ, ಏನೋ ತಲೆಗೆ ಪೆಟ್ಟಾಗಿರಬೇಕು ಎಂದು ಬೀದಿ ಮಾತಾಡಿಕೊಂಡಿತ್ತಂತೆ. ಬಾಗಿಲ ಹಿಡಿಕೆಗೆ ಯಾರೋ ಬಾದಾಮಿಯ ಚೀಲ ತೂಗುಹಾಕಿ ಹೋಗುತ್ತಿದ್ದರು. ಯಾರೆಂದು ತಿಳಿಯದೆ ಅವಳು ಇಡೀ ಬೀದಿಗೆ ಜಾಮ್ ಕಡುಬು ಹಂಚಿದಳು, ಮರುದಿನ ಆರು ಚೀಲ ಬಾದಾಮಿ ಬಂತು.

ಸಂಜೆ ಎಲ್ಲರೂ ಬೀದಿಗೆ ಕುರ್ಚಿ ಹಾಕಿಕೊಂಡು ಕೂರುವಾಗ ರೆಮೆ ತನ್ನ ಪಕ್ಕದಲ್ಲಿ ಇವಳಿಗೊಂದು ಕುರ್ಚಿ ಇಡುತ್ತಿದ್ದಳು. ಅಲ್ಲೇ ಗ್ಲೆಂಡಾ ಭಾಷೆ ಕಲಿತಿದ್ದು, ತಪ್ಪು ಮಾಡಿ ಮಾಡಿ. ಒಂದು ಸಂಜೆ ದಣಿದಿದ್ದೇನೆ ಎನ್ನಲು ಹೋಗಿ ಮದುವೆಯಾಗಿದ್ದೇನೆ ಎಂದುಬಿಟ್ಟಳು, ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ರೆಮೆ ಕಣ್ಣು ಮುಚ್ಚಿಕೊಂಡೇ, ತಿದ್ದೋದು ಬೇಡ ಬಿಡು, ಹೇಗೆ ಹೇಳಿದರೂ ಅರ್ಥ ಒಂದೇ ಎಂದಳು.

ಶಾಲೆಯಲ್ಲಿ ಮೇಷ್ಟ್ರು ದೋನ್ ಎಉಲೋಹಿಯೋ ಪ್ರತಿ ಬೆಳಿಗ್ಗೆ ಹಾಜರಿ ಕೂಗುವಾಗ ಎರಡೂ ಮನೆತನದ ಹೆಸರು ಸೇರಿಸಿಯೇ ಕೂಗುತ್ತಿದ್ದರು. ಬ್ರಯೊನಿಯ ಸರದಿ ಬಂದಾಗ ಅವರು ಒಂದು ಕ್ಷಣ ಉಸಿರು ಎಳೆದುಕೊಂಡು, ಮೀಕೆಲ್-ತ್ವಾಯ್-ತೆ, ಎಂದು ಮೂರು ಮೆಟ್ಟಿಲು ಹತ್ತುವವರ ಹಾಗೆ ಹೇಳುವುದನ್ನು ಹುಡುಗಿ ಮನೆಯಲ್ಲಿ ನಟಿಸಿ ತೋರಿಸುತ್ತಿದ್ದಳು. ಗ್ಲೆಂಡಾ ಹೊಟ್ಟೆ ಹಿಡಿದು ನಗುತ್ತಿದ್ದಳು, ಇನ್ನೊಂದು ಸಲ ಮಾಡು ಎನ್ನುತ್ತಿದ್ದಳು. ತನ್ನ ಅಪ್ಪನ ಹೆಸರು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಈ ಊರಿನಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ ಎಂಬುದಕ್ಕಿಂತ ಹೆಚ್ಚಿನ ಸುಖ ಅವಳಿಗೆ ಬೇಕಿರಲಿಲ್ಲ.

ಮೂರನೆಯ ವಸಂತದಲ್ಲಿ ಬ್ರಯೊನಿ ಕೆಳಗಿನ ಪಟ್ಟಣದ ದೊಡ್ಡ ಶಾಲೆಗೆ ಹೋಗುವ ಕಾಲ ಬಂತು. ಅದಕ್ಕೆ ಹುಟ್ಟಿದ ದಾಖಲೆ ಬೇಕು, ಮೇ ಕೊನೆಯೊಳಗೆ ತಂದುಕೊಡಿ ಎಂದಳು ಎನ್ಕಾರ್ನಾ. ಈ ಊರಿಗೆ ಬಂದಾಗ ಪಾಸ್‌ಪೋರ್ಟ್ ತೋರಿಸಿ ಬಾಯಲ್ಲಿ ಹೇಳಿದ್ದಷ್ಟೇ ಸಾಕಾಗಿತ್ತು, ದೊಡ್ಡ ಶಾಲೆಯವರು ಹಾಗೆ ಬಿಡುವವರಲ್ಲ. ನೆವಿಲ್ ಮೊದಲು ತಗಡಿನ ಪೆಟ್ಟಿಗೆಯಲ್ಲಿದೆ ಎಂದ, ಆಮೇಲೆ ಲಾರಿಯಲ್ಲಿ ಕಳೆದುಹೋಗಿರಬೇಕು ಎಂದ, ಆಮೇಲೆ ಇಂಗ್ಲೆಂಡಿಗೆ ಬರೆದಿದ್ದೇನೆ, ಬರುತ್ತೆ, ಅವಸರ ಯಾಕೆ ಎಂದ. ಆರು ವಾರ ಹೋಯಿತು. ಎನ್ಕಾರ್ನಾ ಮೂರನೇ ಸಲ ಕೇಳಿದಾಗ ಗ್ಲೆಂಡಾಳಿಗೆ ನಾಚಿಕೆಯಾಯಿತು. ಪಾಪ, ಅವನಿಗೆ ಕೆಲಸ ಜಾಸ್ತಿ ಎಂದುಕೊಂಡು, ಹುಟ್ಟಿದ ದಾಖಲೆ, ದತ್ತು ಆದೇಶದ ನಕಲು ಎರಡನ್ನೂ ಕಳಿಸಿ ಎಂದು ತಾನೇ ಇಂಗ್ಲೆಂಡಿನ ನೋಂದಣಿ ಕಚೇರಿಗೆ ಪತ್ರ ಹಾಕಿದಳು. ಅವನಿಗೊಂದು ತಾಪತ್ರಯ ತಪ್ಪಿಸಿದೆ ಎಂಬ ಸಂತೋಷವಿತ್ತು ಅವಳಿಗೆ!

ಹದಿನೈದು ದಿನಕ್ಕೆ ಲಕೋಟೆ ಬಂತು. ಅದರಲ್ಲಿ ಬ್ರಯೊನಿಯ ಹುಟ್ಟಿದ ದಾಖಲೆ ಇತ್ತು, ತಾಯಿ ಎಂಬಲ್ಲಿ ಲೊರೇನ್ ಫ್ರಾಸ್ಟ್ ಎಂದಿತ್ತು. ಜೊತೆಗೊಂದು ಚೀಟಿ, ನೀವು ಕೇಳಿದ ದತ್ತು ನಮ್ಮ ಪುಸ್ತಕದಲ್ಲಿ ಇಲ್ಲ. ಕಚೇರಿಯವರ ತಪ್ಪು ಎಂದುಕೊಂಡು ಅವಳು ಫೋನು ಮಾಡಿದಳು. ಅಲ್ಲಿಂದ ತಮ್ಮ ಹಳೆಯ ಊರಿನ ಕೋರ್ಟಿಗೆ ಮಾಡಿದಳು. ಅಲ್ಲಿ ಫೋನು ಎತ್ತಿಕೊಂಡ ಹೆಂಗಸಿನ ದನಿಯಲ್ಲಿ ಅವಳದೇ ಬೀದಿಯ ರಾಗವಿತ್ತು.

"ಎರಡು ಸಲ ನೋಡಿದೆ ಚಿನ್ನ. ದತ್ತು ಆಗಿಲ್ಲ. ಆಗೋದಿರಲಿ, ಅರ್ಜೀನೇ ನಮ್ಮ ಹತ್ರ ಬಂದಿಲ್ಲ."

ಗ್ಲೆಂಡಾ ಥ್ಯಾಂಕ್ಸ್ ಹೇಳಿ ಫೋನು ಇಟ್ಟಳು. ಆಮೇಲೆ ಏನು ಮಾಡಬೇಕೆಂದು ತೋಚದೆ, ನೆವಿಲ್‌ನ ಊಟಕ್ಕೆ ಆಲೂಗಡ್ಡೆ ಹೆಚ್ಚಲು ಕೂತಳು. ಹೆಚ್ಚಿ ಮುಗಿಸಿದಾಗ ನೋಡಿದರೆ ಆರು ಜನಕ್ಕಾಗುವಷ್ಟಿತ್ತು.

ಅವನು ಬಂದು, ಕೈತೊಳೆದು, ಮೊಟ್ಟೆಯ ಹಳದಿಗೆ ಆಲೂಗಡ್ಡೆ ಅದ್ದುವಾಗ ತಟ್ಟೆಯ ಪಕ್ಕದಲ್ಲಿ ಆ ಚೀಟಿ ಇಟ್ಟಳು. ಅವನು ಓದಿದ. ಅಗಿಯುವುದನ್ನು ನಿಲ್ಲಿಸಿದ. ತಿರುಗಿ ಸುಳ್ಳು ಹೇಳುತ್ತಾನೆ ಎಂದು ಅವಳು ಕಾಯುತ್ತಿದ್ದಳು, ಅವನು ಹೇಳಿದರೆ ನಂಬಿಬಿಡಲೂ ತಯಾರಿದ್ದಳು.

"ಲೊರೇನ್ ಸಹಿ ಹಾಕಲ್ಲ ಅಂದ್ಲು," ಎಂದ ಕಡೆಗೆ. "ಅವಳ ಒಪ್ಪಿಗೆ ಇಲ್ದೆ ಕೋರ್ಟಿಗೆ ಹೋಗೋ ಹಾಗಿರ್ಲಿಲ್ಲ. ಅಲ್ಲಿ ನಿಮ್ಮಪ್ಪ ಸಾಯ್ತಾ ಇದ್ರು. ಅದರ ಮಧ್ಯ ನಿನಗೆ ಹೇಗೆ ಹೇಳ್ಲಿ?"

"ಅಪ್ಪ ಸತ್ತು ಏಳು ವರ್ಷ ಆಯ್ತು ನೆವಿಲ್."

"ಹೇಳೋಣ ಅಂತಾನೇ ಇದ್ದೆ."

"ಪ್ರತಿ ವರ್ಷ ಕೇಕ್ ಕೊಯ್ವಾಗಲೂ?"

ಗ್ಲೆಂಡಾಳ ಕಣ್ಣ ಮುಂದೆ ಕೇಕ್ ಬರಲಿಲ್ಲ, ಆಸ್ಪತ್ರೆಯ ಮಂಚ ಬಂತು. ಸಾಯುವ ಅಪ್ಪನ ಕಿವಿಯಲ್ಲಿ ಆ ಸುಳ್ಳು ಹೇಳಿದ್ದು ನೆವಿಲ್ ಅಲ್ಲ, ಅವಳೇ. ಅವಳ ಬಾಯಿಂದಲೇ ಹೇಳಿಸಿದ್ದ.

ಎರಡು ದಿನ ಅವಳು ಆ ಮಾತನ್ನು ಮೆಲುಕು ಹಾಕಿದಳು. ಲೊರೇನ್ ಒಪ್ಪಲಿಲ್ಲ ಎನ್ನುವುದರಲ್ಲಿ ಒಂದು ಬಗೆಯ ಸಮಾಧಾನವಿತ್ತು, ಅವನೇನೂ ಬೇಕೆಂದು ಮಾಡಲಿಲ್ಲ, ಹೇಡಿ ಅಷ್ಟೇ, ಹೇಡಿಗಳನ್ನು ಕಟ್ಟಿಕೊಂಡು ಎಷ್ಟೋ ಹೆಂಗಸರು ಸಂಸಾರ ಮಾಡಿಲ್ಲವೆ. ಮೂರನೇ ದಿನ, ಲೊರೇನಳ ಕಾಲಿಗೆ ಬಿದ್ದಾದರೂ ಒಪ್ಪಿಸೋಣ ಎಂದು, ಇಂಗ್ಲೆಂಡಿನ ಹಳೆಯ ಗೆಳತಿಯಿಂದ ನಂಬರು ಹುಡುಕಿಸಿ ಫೋನು ಮಾಡಿದಳು. ಇಬ್ಬರೂ ಹಿಂದೆಂದೂ ಮಾತಾಡಿರಲಿಲ್ಲ. ಲೊರೇನ್ ಗಾಬರಿಯಿಂದ, ಮಗೂಗೆ ಏನಾದರೂ ಆಯ್ತಾ ಎಂದು ಕೇಳಿದಳು. ಇಲ್ಲ, ಚೆನ್ನಾಗಿದ್ದಾಳೆ, ಎತ್ತರವಾಗಿದ್ದಾಳೆ ಎಂದಳು ಗ್ಲೆಂಡಾ. ಆಮೇಲೆ ಫಾರಮ್ಮಿನ ವಿಷಯ ಎತ್ತಿದಳು.

"ಯಾವ ಫಾರಂ?" ಎಂದಳು ಲೊರೇನ್. "ನಂಗ್ಯಾರೂ ಏನೂ ಕಳಿಸ್ಲಿಲ್ಲ. ಅಮ್ಮನ ಮನೆ ವಿಳಾಸ ಅವನಿಗೆ ಗೊತ್ತಿತ್ತು, ಅಮ್ಮ ಈಗಲೂ ಅಲ್ಲೇ ಇದ್ದಾಳೆ." ಅವಳು ದನಿ ತಗ್ಗಿಸಿದಳು. "ಕಳಿಸಿದ್ರೆ ಹಾಕ್ತಿದ್ದೆ. ಬಿಟ್ಟು ಬಂದವಳು ನಾನು. ಅಷ್ಟಾದ್ರೂ ಮಾಡ್ತಿದ್ದೆ."

ನೆವಿಲ್ ಅಂಗಳದಲ್ಲಿ ಯಾರದೋ ಪಂಪಿನ ಫಿಲ್ಟರು ಬಿಚ್ಚಿ ತೊಳೆಯುತ್ತಿದ್ದ. ಗ್ಲೆಂಡಾ ನಲ್ಲಿ ನಿಲ್ಲಿಸಿದಳು. ಲೊರೇನ್ ಜೊತೆ ಮಾತಾಡಿದೆ ಎಂದಷ್ಟೇ ಹೇಳಿದಳು. ಅವನು ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ನೀನೂ ಹೋಗ್ಬಿಡ್ತೀಯ ಅಂತ," ಎಂದ. "ಒಬ್ಬಳು ಹೋದಳು, ಮಗೂನ ಬಿಟ್ಟು ಹೋದಳು. ನೀನಾದ್ರೆ ಬಿಟ್ಟು ಹೋಗ್ತಿರ್ಲಿಲ್ಲ, ಕರ್ಕೊಂಡೇ ಹೋಗ್ತಿದ್ದೆ. ಕಾಗದ ಇಲ್ದಿದ್ರೆ ಆಗಲ್ಲ ಅಲ್ವಾ. ಅದಕ್ಕೆ."

ಅದಕ್ಕೆ. ಹೇಡಿತನವಾದರೆ ಕ್ಷಮಿಸಬಹುದಿತ್ತು. ಇವನು ಲೆಕ್ಕ ಹಾಕಿ ಕಟ್ಟಿಹಾಕಿದ್ದ, ಏಳು ವರ್ಷದಿಂದ ಅವಳ ಕಾಲಿಗೆ ಹಗ್ಗವಿತ್ತು, ಅವಳು ಹೊರಡಲು ಎದ್ದಿರಲಿಲ್ಲವಾದ್ದರಿಂದ ಗೊತ್ತಾಗಿರಲಿಲ್ಲ. ಈಗ ಎದ್ದು ನೋಡಿದರೆ ಹಗ್ಗದ ಉದ್ದ ಕಾಣುತ್ತಿತ್ತು. ಸಿಟ್ಟು ಮಾಡಿಕೊಂಡು ಪೆಟ್ಟಿಗೆ ಕಟ್ಟಿ ಹೊರಟರೆ ಒಬ್ಬಳೇ ಹೊರಡಬೇಕು. ಬ್ರಯೊನಿಗೆ ಅವಳು ಕಾನೂನಿನಲ್ಲಿ ಏನೂ ಅಲ್ಲ, ಪಕ್ಕದ ಮನೆಯ ರೆಮೆ ಎಷ್ಟೋ ಇವಳೂ ಅಷ್ಟೇ.

ಆ ಸಂಜೆ ಬೀದಿಯ ಕುರ್ಚಿಯಲ್ಲಿ ಎಲ್ಲವನ್ನೂ ರೆಮೆಗೆ ಹೇಳಿದಳು. ರೆಮೆ ಹೆಣೆಯುತ್ತಿದ್ದ ದಾರ ಕೆಳಗಿಟ್ಟು, ನೆವಿಲ್‌ನ ವಂಶದ ಹಿಂದಿನ ಮೂರು ತಲೆಮಾರನ್ನೂ ಒಂದೊಂದಾಗಿ ಕರೆದು ಬೈದಳು. ಇಂಗ್ಲಿಷ್ ಸಾಲದೆ ತನ್ನ ಭಾಷೆಗೆ ಇಳಿದು ಬೈದಳು.

"ಬಾಗಿಲಿಂದ ಆಚೆ ಹಾಕು ಅವನ್ನ. ಅವನ ಪಂಪೂ ಸೇರಿಸಿ ಹಾಕು."

"ಹಾಕಿದ್ರೆ ಮಗಳು ಅವನ ಜೊತೆ ಹೋಗ್ತಾಳೆ ರೆಮೆ."

ಮರುದಿನ ಬೆಳಿಗ್ಗೆ ರೆಮೆಯೇ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಅಲ್ಮೇರಿಯಾದಲ್ಲಿ ವಕೀಲೆಯಾಗಿದ್ದ ತನ್ನ ತಂಗಿಯ ಮಗಳ ಹತ್ತಿರ ಕರೆದುಕೊಂಡು ಹೋದಳು. ಈ ದೇಶದಲ್ಲೇ ದತ್ತು ಮಾಡಿಸಬಹುದು, ಹೆತ್ತ ತಾಯಿಯ ಒಪ್ಪಿಗೆ ಬೇಕು, ಅಪ್ಪನ ಒಪ್ಪಿಗೆಯೂ ಬೇಕು ಎಂದಳು ಆಕೆ. ಎರಡು ಒಪ್ಪಿಗೆಪತ್ರ ಬರೆದುಕೊಟ್ಟಳು. ಲೊರೇನಳದು ಹತ್ತೇ ದಿನದಲ್ಲಿ ಸಹಿಯಾಗಿ ಬಂತು, ಜೊತೆಯಲ್ಲಿ ಒಂದು ಸಾಲಿನ ಪತ್ರವೂ ಇರಲಿಲ್ಲ. ನೆವಿಲ್‌ನದು ಅಡುಗೆಮನೆಯ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಬಿದ್ದಿತ್ತು. ನೋಡೋಣ, ಓದಿ ಹಾಕ್ತೀನಿ, ಅನ್ನುತ್ತಿದ್ದ. ಅದು ಸ್ಪ್ಯಾನಿಷಿನಲ್ಲಿತ್ತು, ಅವನು ಅದನ್ನು ಓದುವುದು ಯಾವ ಜನ್ಮದಲ್ಲಿ?

ಅಷ್ಟರಲ್ಲಿ ಮೇ ಕೊನೆ ಬಂತು. ದೊಡ್ಡ ಶಾಲೆಯಲ್ಲಿ ಬ್ರಯೊನಿಯ ಜಾಗ ತಪ್ಪಿಹೋಗಬಾರದು ಎಂದು ಗ್ಲೆಂಡಾ ತಾನೇ ಆ ಹುಟ್ಟಿದ ದಾಖಲೆಯನ್ನು ತೆಗೆದುಕೊಂಡು ಹೋಗಿ ಎನ್ಕಾರ್ನಾಳ ಕೈಗೆ ಕೊಟ್ಟಳು. ಎನ್ಕಾರ್ನಾ ಓದಿದಳು, ತಲೆ ಎತ್ತಿ ಇವಳನ್ನು ನೋಡಿದಳು, ಏನೂ ಕೇಳದೆ ರಿಜಿಸ್ಟರ್ ತೆಗೆದು ಸ್ಕೇಲಿಟ್ಟು ಮಿಕಲ್‌ಥ್ವೇಟ್ ಮೇಲೆ ನೇರವಾಗಿ ಒಂದು ಗೆರೆ ಎಳೆದಳು. ಅದು ಅವಳ ಕೆಲಸ.

ದೋನ್ ಎಉಲೋಹಿಯೋಗೆ ಯಾರೂ ಕಾರಣ ಹೇಳಿರಲಿಲ್ಲ. ಮರುದಿನ ಹಾಜರಿಯಲ್ಲಿ ಫ್ರಾಸ್ಟ್ ಎಂಬ ಪುಟ್ಟ ಪದ ಕಂಡು ಅವರು, ಅಬ್ಬ, ಇನ್ನು ನನ್ನ ಹಲ್ಲು ಉಳಿಯಿತು, ಎಂದು ಸಂತೋಷಪಟ್ಟರಂತೆ, ತರಗತಿ ಚಪ್ಪಾಳೆ ತಟ್ಟಿತಂತೆ. ಬ್ರಯೊನಿ ಮನೆಗೆ ಬಂದು ಚೀಲ ಕೆಳಗಿಡದೆ ಬಾಗಿಲಲ್ಲೇ ನಿಂತುಕೊಂಡಳು. ಲೊರೇನಳ ವಿಷಯ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು, ಫ್ರಾಸ್ಟ್ ಯಾರೆಂದು ಕೇಳಬೇಕಾಗಿರಲಿಲ್ಲ. ಗ್ಲೆಂಡಾ ಅವಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಪ್ಪ ಯಾಕೆ ಹಾಗೆ ಮಾಡಿದ ಎಂಬುದನ್ನು ಮಾತ್ರ ಹೇಳಲಿಲ್ಲ, ಅದನ್ನು ಅವನೇ ಹೇಳಲಿ ಎಂದು ಬಿಟ್ಟಳು.

"ಹಾಗಾದ್ರೆ ನಾವು ಕೇಕ್ ತಿಂದಿದ್ದು ಯಾತಕ್ಕೆ?" ಎಂದಳು ಹುಡುಗಿ.

ಬ್ರಯೊನಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ತನ್ನ ಮೇಲೆ ಹಾಕಿದ್ದೋ ಅಪ್ಪನ ಮೇಲೆ ಹಾಕಿದ್ದೋ ಎಂದು ಗ್ಲೆಂಡಾ ಹೊರಗೆ ನಿಂತು ಯೋಚಿಸಿದಳು. ಊಟಕ್ಕೆ ಕರೆದಾಗ ಹುಡುಗಿ ಬಂದಳು, ಅಪ್ಪನ ಎದುರಿನ ಕುರ್ಚಿ ಬಿಟ್ಟು ಗ್ಲೆಂಡಾಳ ಪಕ್ಕದ ಮೂಲೆಯಲ್ಲಿ ಕೂತಳು, ಉಪ್ಪು ಕೇಳುವಾಗ ಮಾತ್ರ ಅಮ್ಮಾ ಎಂದಳು. ಎಂದಿನ ಅಮ್ಮಾ ಅಲ್ಲ, ಸ್ವಲ್ಪ ತಡೆದು, ಮಾತು ಇನ್ನೂ ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡುವವಳ ಹಾಗೆ.

ಜೂನ್ ಮೊದಲ ವಾರ ದೊಡ್ಡ ಶಾಲೆಯ ಉಳಿದ ಫಾರಂ ತುಂಬಲು ಮೂವರೂ ಎನ್ಕಾರ್ನಾಳ ಕಚೇರಿಗೆ ಹೋದರು. ತಾಯಿಯ ಸಹಿ ಎಂಬ ಜಾಗವನ್ನು ಎನ್ಕಾರ್ನಾ ಏನೂ ಹೇಳದೆ ಅಡ್ಡಗೆರೆ ಹಾಕಿ ಮುಚ್ಚಿದಳು. ಕೆಳಗೆ ಇನ್ನೊಂದು ಪಟ್ಟಿಯಿತ್ತು, ಶಾಲೆಯ ಬಸ್ಸಿನಿಂದ ಮಗುವನ್ನು ಇಳಿಸಿಕೊಳ್ಳಲು ಅಪ್ಪ ಯಾರಿಗೆ ಅನುಮತಿ ಕೊಡುತ್ತಾನೆ ಎಂದು. ಹೆಸರು, ಮಗುವಿಗೆ ಏನಾಗಬೇಕು, ಸಹಿ. ನೆವಿಲ್ ಪೆನ್ನನ್ನು ಗ್ಲೆಂಡಾಳ ಕಡೆ ಚಾಚಿದ, ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನೀನೇ ಬರಿ. ಕಾಗದಪತ್ರ ಯಾವತ್ತೂ ನೀನು ತಾನೇ ನೋಡ್ಕೊಳ್ಳೋದು."

ಅವನು ಗ್ಲೆಂಡಾ ಸಗ್ಡೆನ್ ಎಂದು ಬರೆದ. ಮುಂದಿನ ಕಾಲಂ ಹತ್ತಿರ ಪೆನ್ನು ನಿಂತಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಕೆಮ್ಮಿದರು. ಅವನು ಗೊತ್ತಿದ್ದ ನಾಲ್ಕು ಪದಗಳಲ್ಲಿ ಒಂದನ್ನು ಹುಡುಕಿ, ಹೆಂಡತಿ ಎಂದು ಬರೆದ. ಎನ್ಕಾರ್ನಾ ಅದನ್ನು ಓದಿ ಫಾರಮ್ಮನ್ನು ಹಿಂದಕ್ಕೆ ತಳ್ಳಿದಳು.

"ಇದು ನಿನಗೆ ಏನಾಗಬೇಕು ಅಂತ. ನಾನು ಕೇಳ್ತಿರೋದು ಮಗೂಗೆ ಏನಾಗಬೇಕು ಅಂತ."

ಬ್ರಯೊನಿ ಅದನ್ನು ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಿದಳು, ಒಂದು ಪದವನ್ನೂ ಬಿಡದೆ, ಕಣ್ಣು ತೆಗೆಯದೆ. ನೆವಿಲ್‌ನ ಕಿವಿ ಕೆಂಪಾಯಿತು. ಅವನು ಹೆಂಡತಿ ಎಂಬ ಪದವನ್ನು ಹೊಡೆದುಹಾಕಿ, ಮಗಳ ಕೈಗೆ ಪೆನ್ನು ಕೊಡಲು ಹೋದ, ಮಗಳೂ ಕೈ ಹಿಂದೆ ಕಟ್ಟಿಕೊಂಡಳು. ಕಡೆಗೆ ಎನ್ಕಾರ್ನಾಳೇ ಬರೆದಳು, ಮಲತಾಯಿ. ಊರಿನಲ್ಲಿ ಅದು ಕಥೆಗಳಲ್ಲಿ ಮಕ್ಕಳಿಗೆ ವಿಷದ ಹಣ್ಣು ಕೊಡುವವಳಿಗೆ ಇರುವ ಪದ. ಗ್ಲೆಂಡಾ ಅದರ ಪಕ್ಕದಲ್ಲಿ ಸಹಿ ಹಾಕಿದಳು.

ಬ್ರಯೊನಿ ತರಗತಿಗೆ ಹೋದಳು, ಇವರಿಬ್ಬರೂ ಏರು ಹತ್ತಿ ಮನೆಗೆ ಬಂದರು. ಒಳಗೆ ಬಂದದ್ದೇ ನೆವಿಲ್ ಉಪ್ಪಿನ ಡಬ್ಬಿ ಸರಿಸಿ ಆ ಒಪ್ಪಿಗೆಪತ್ರ ಎಳೆದುಕೊಂಡ, ಪೆನ್ನಿನ ಮುಚ್ಚಳ ತೆಗೆದ. ಆದರೂ ಹಾಕಲಿಲ್ಲ.

"ಒಂದು ಮಾತು ಕೊಡು," ಎಂದ. "ಇದು ಆದ್ಮೇಲೆ ಬಿಟ್ಟು ಹೋಗಲ್ಲ ಅಂತ. ಅಷ್ಟೇ. ಈಗಲೇ ಹಾಕ್ತೀನಿ."

ಅವನ ದನಿಯಲ್ಲಿ ಬೇಡಿಕೆ ಇತ್ತು, ಚೌಕಾಸಿಯೂ ಇತ್ತು, ಎರಡರಲ್ಲಿ ಯಾವುದು ಎಷ್ಟು ಎಂದು ಅವನಿಗೇ ತಿಳಿದಂತಿರಲಿಲ್ಲ. ಗ್ಲೆಂಡಾ ಎದುರಿನ ಕುರ್ಚಿಯಲ್ಲಿ ಕೂತಳು. ಕಿರುಚಬೇಕು ಎಂದುಕೊಂಡಿದ್ದ ಎಷ್ಟೋ ಮಾತುಗಳಿದ್ದವು, ಯಾವುದೂ ಬೇಕೆನಿಸಲಿಲ್ಲ.

"ಏಳು ವರ್ಷ ನಿನ್ನ ಮಾತಿನ ಮೇಲೆ ಅಮ್ಮ ಆಗಿದ್ದೆ," ಎಂದಳು. "ಮಾತು ಕೊಡೋದು ಎಷ್ಟು ಸುಲಭ ಅಂತ ನಿನ್ನಿಂದಲೇ ಕಲಿತೆ. ತಗೋ, ಕೊಟ್ಟೆ. ಬಿಟ್ಟು ಹೋಗಲ್ಲ."

ನೆವಿಲ್ ಅವಳ ಮುಖ ನೋಡಿದ. ಅವಳು ನಗಲಿಲ್ಲ, ಅಳಲಿಲ್ಲ, ಅವನು ಹುಡುಕುತ್ತಿದ್ದದ್ದು ಯಾವುದೂ ಅಲ್ಲಿರಲಿಲ್ಲ.

"ನಿಜ ತಾನೇ?"

"ನೀನು ಹೇಳ್ತಿದ್ದಷ್ಟೇ ನಿಜ."

ಅವನು ತುಂಬ ಹೊತ್ತು ಪೆನ್ನು ಹಿಡಿದುಕೊಂಡೇ ಕೂತ. ಹಾಕದೇ ಇದ್ದರೆ ಮಗಳು ಇನ್ನು ಎಷ್ಟು ದಿನ ಮೂಲೆಯಲ್ಲಿ ಕೂತು ಉಣ್ಣುತ್ತಾಳೆ ಎಂದು ಅವನಿಗೆ ಗೊತ್ತಿತ್ತು, ಹಾಕಿದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ. ಹಾಕಿದ. ಗ್ಲೆಂಡಾ ಕಾಗದವನ್ನು ತೆಗೆದುಕೊಂಡು, ಮಸಿ ಒಣಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಲೊರೇನಳ ಒಪ್ಪಿಗೆಪತ್ರದ ಜೊತೆ ವಕೀಲೆಗೆ ಕಳಿಸುವ ಲಕೋಟೆಗೆ ಸೇರಿಸಿದಳು. ಅಂಚೆ ಕಚೇರಿ ಎರಡಕ್ಕೆ ಮುಚ್ಚುತ್ತದೆ. ಚೀಲ ತೆಗೆದುಕೊಂಡಳು, ಬಿಸಿಲಿಗೆ ಟೋಪಿ ಹಾಕಿಕೊಂಡಳು.

ನೆವಿಲ್ ಬಾಗಿಲವರೆಗೆ ಬಂದ.

"ವಾಪಸ್ ಎಷ್ಟು ಹೊತ್ತಿಗೆ ಬರ್ತೀಯ?"

ಹತ್ತು ವರ್ಷದ ಸಂಸಾರದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಬ್ರಯೊನಿಯನ್ನು ಕರ್ಕೊಂಡು ಬರ್ತೀನಿ ಎಂದಳು ಗ್ಲೆಂಡಾ, ಗಂಟೆ ಹೇಳಲಿಲ್ಲ. ಅವಳು ಇಳಿಜಾರಿನ ತಿರುವು ದಾಟುವವರೆಗೂ ಅವನು ಹೊಸ್ತಿಲ ಮೇಲೆ ನಿಂತೇ ಇದ್ದ.